ಡ್ರಾಯಿಂಗ್‌ನಲ್ಲಿ ಮಳೆ ಎಲ್ಲಿ?

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕರು ಕೇಳಿದ್ದಾರೆ. ಹಾಸ್ಟೆಲ್ಲು, ಮೆಸ್ಸಿನ ಸಾಂಬಾರು, ಜೋಗದ ಪ್ರವಾಸ ಇವನ್ನೆಲ್ಲ ಬರೆಯುವವರಿಗೆ ಬರವಿಲ್ಲ. ಬರೆಯದೆ ಉಳಿಯುವುದು ಪಾಠ. ಅದಕ್ಕೇ ಕೆಮಿಕಲ್ ಎಂಜಿನಿಯರಿಂಗಿನ ಕೊನೆಯ ವರ್ಷದ ಒಂದು ಪೇಪರನ್ನು ಇಲ್ಲಿ ಹರಡುತ್ತಿದ್ದೇನೆ. ಕಾರ್ಖಾನೆ ಸುರಕ್ಷತೆ ಮತ್ತು ಕಟ್ಟಡ ಮಾನದಂಡ ಎರಡನ್ನೂ ಒಂದೇ ಕಟ್ಟಿಗೆ ಬಿಗಿದಿದ್ದ ಐಚ್ಛಿಕ ವಿಷಯ ಅದು. ಲೆಕ್ಕ ಕಮ್ಮಿ ಇರುತ್ತದೆಂದು ಹೆಚ್ಚಿನವರು ಅದನ್ನು ಆರಿಸಿಕೊಳ್ಳುತ್ತಿದ್ದರು. ಮೊದಲ ವಾರದಲ್ಲೇ ಆ ಭ್ರಮೆ ಹೋಗುತ್ತಿತ್ತು.

ಪುಸ್ತಕದ ಉದಾಹರಣೆಗಳೆಲ್ಲ ರಿಫೈನರಿಯವು. ಮೇಷ್ಟ್ರು ಅವನ್ನು ಬದಿಗಿಟ್ಟು ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯ ಫೌಂಡ್ರಿ (ಎರಕದ ಕಾರ್ಖಾನೆ), ಭದ್ರಾವತಿಯ ಅಕ್ಕಿ ಗಿರಣಿ, ತೀರ್ಥಹಳ್ಳಿಯ ಅಡಿಕೆ ತೋಟ, ಕೊಪ್ಪದ ಕಡೆಯ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ತೊಟ್ಟಿಗಳನ್ನು ಬೋರ್ಡಿನ ಮೇಲೆ ತರುತ್ತಿದ್ದರು. ಯಾರು ಯಾವ ಡ್ರಾಯಿಂಗ್ ಬಿಡಿಸಿಕೊಂಡು ಹೋದರೂ ಅವರ ಮೊದಲ ಪ್ರಶ್ನೆ ಒಂದೇ: "ಎಲ್ಲ ಸರಿ ಮಾರಾಯ, ಇದರಲ್ಲಿ ಮಳೆ ಎಲ್ಲಿ?" ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಮಾನದಂಡಗಳ ಕೋಡ್ ಪುಸ್ತಕದ ಅಂಕೆ ಇಡೀ ದೇಶಕ್ಕೆ ಒಂದೇ. ಅದು ತಪ್ಪಲ್ಲ, ಆದರೆ ಪುಷ್ಯ ಮಳೆ ಹಿಡಿದಾಗ ಆ ಅಂಕೆ ಏನಾಗುತ್ತದೆ ಎಂದು ನೋಡುವ ಕೆಲಸ ನಮಗೆ ಬಿಟ್ಟದ್ದು.

ಡೈಕ್ ಗೋಡೆಯಿಂದಲೇ ಶುರು ಮಾಡೋಣ. ಡೀಸೆಲ್, ಫರ್ನೇಸ್ ಆಯಿಲ್, ಆಸಿಡ್ ಯಾವುದರ ಟ್ಯಾಂಕ್ ಆದರೂ ಸರಿ, ಅದು ಒಡೆದರೆ ಒಳಗಿದ್ದದ್ದೆಲ್ಲ ಹೊರಗೆ ಹರಿಯದೆ ನಿಲ್ಲುವಂತೆ ಸುತ್ತ ಗೋಡೆ ಕಟ್ಟಬೇಕು. ಗೋಡೆಯೊಳಗಿನ ಜಾಗ ಅತಿ ದೊಡ್ಡ ಟ್ಯಾಂಕಿನ ಶೇ 110ರಷ್ಟಿರಲಿ ಎನ್ನುವುದು ರೂಢಿಯ ಲೆಕ್ಕ. 50 ಘನಮೀಟರ್ ಟ್ಯಾಂಕಿಗೆ 55 ಘನಮೀಟರ್. ಅಂದರೆ 10 ಮೀಟರ್ ಉದ್ದ, 6 ಮೀಟರ್ ಅಗಲದ ಅಂಗಳಕ್ಕೆ ಸುಮಾರು 92 ಸೆಂಟಿಮೀಟರ್ ಎತ್ತರದ ಗೋಡೆ. ಪರೀಕ್ಷೆಯಲ್ಲಿ ಇಷ್ಟಕ್ಕೆ ಪೂರ್ತಿ ಅಂಕ. ಈಗ ಮಳೆ ಸುರಿಸಿ. ಒಂದು ದಿನ 200 ಮಿಲಿಮೀಟರ್ ಬಿತ್ತೆಂದರೆ ಆ ಅಂಗಳದಲ್ಲಿ 12 ಘನಮೀಟರ್ ನೀರು ನಿಂತಿತು. ಹೆಚ್ಚುವರಿ ಎಂದು ಇಟ್ಟದ್ದು 5 ಘನಮೀಟರ್ ಮಾತ್ರ. ಅದು 83 ಮಿಲಿಮೀಟರಿಗೇ ಮುಗಿದಿರುತ್ತದೆ. ಐದು ದಿನ ಹೀಗೇ ಹೊಡೆದರೆ ಡೈಕೇ ತುಂಬಿ ಗೋಡೆ ಮೇಲಿಂದ ಚೆಲ್ಲುತ್ತದೆ.

ಹಾಗಾಗದಿರಲೆಂದು ವಾಚ್‌ಮನ್ ಏನು ಮಾಡುತ್ತಾನೆ? ಡೈಕಿನ ಡ್ರೈನ್ ವಾಲ್ವ್ ತೆರೆದು ಹಾಗೇ ಬಿಡುತ್ತಾನೆ. ಜೂನಿನಲ್ಲಿ ತೆರೆದ ವಾಲ್ವ್ ಅಕ್ಟೋಬರ್ ತನಕ ತೆರೆದೇ ಇರುತ್ತದೆ. ಗೋಡೆ ಇದೆ, ಬಣ್ಣ ಇದೆ, ತಪಾಸಣೆಗೆ ಬಂದವರಿಗೆ ತೋರಿಸಲು ಬೋರ್ಡೂ ಇದೆ. ಆದರೆ ಅದು ತಳ ತೂತಾದ ಕೊಡ. ಇದಕ್ಕೆ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಎತ್ತರ ಲೆಕ್ಕ ಹಾಕುವಾಗಲೇ ಊರಿನ ಒಂದು ದಿನದ ಜೋರು ಮಳೆಯನ್ನು ಸೇರಿಸಬೇಕು. ನೆಲವನ್ನು ಒಂದು ಮೂಲೆಯ ಗುಂಡಿಯ ಕಡೆಗೆ ಇಳಿಜಾರು ಮಾಡಬೇಕು. ವಾಲ್ವ್ ಗೋಡೆಯ ಹೊರಗಿರಬೇಕು, ಮುಚ್ಚಿ ಬೀಗ ಹಾಕಿರಬೇಕು, ಕೀಲಿ ಶಿಫ್ಟ್ ಇನ್‌ಚಾರ್ಜ್ ಹತ್ತಿರ ಇರಬೇಕು. ನೀರಿನ ಮೇಲೆ ಎಣ್ಣೆಯ ಪೊರೆ ಇಲ್ಲವೆಂದು ನೋಡಿಯೇ ಬಿಡಬೇಕು, ಬಿಟ್ಟದ್ದನ್ನೂ ಮುಚ್ಚಿದ್ದನ್ನೂ ಪುಸ್ತಕದಲ್ಲಿ ಬರೆಯಬೇಕು. ಆಸಿಡ್ ಟ್ಯಾಂಕಿನ ಡೈಕಿಗಾದರೆ ಮೇಲೆ ಶೀಟು ಹೊದಿಸಿಬಿಡುವುದೇ ವಾಸಿ, ನಿಂತ ನೀರಿಗೆ ಗಂಧಕಾಮ್ಲ ಸೋರಿದರೆ ಬಿಸಿಯೇರಿ ಸಿಡಿಯುತ್ತದೆ. ಇನ್ನೊಂದು ನಮ್ಮ ಕಡೆಯದೇ ತಪ್ಪು: ಸುಲಭಕ್ಕೆ ಸಿಗುತ್ತದೆಂದು ಜಂಬಿಟ್ಟಿಗೆಯಲ್ಲಿ ಡೈಕ್ ಕಟ್ಟುವುದು. ಜಂಬಿಟ್ಟಿಗೆಗೆ ಐಎಸ್ 3620 ಎಂಬ ಭಾರತೀಯ ಮಾನದಂಡ ಶೇ 12ರವರೆಗೆ ನೀರು ಹೀರಲು ಬಿಡುತ್ತದೆ. ಮನೆ ಗೋಡೆಗೆ ಅದು ಒಪ್ಪುತ್ತದೆ, ಎಣ್ಣೆ ತಡೆಯುವ ಗೋಡೆಗೆ ಒಪ್ಪುವುದಿಲ್ಲ.

ಅದೇ ಟ್ಯಾಂಕಿನ ತಲೆಯ ಮೇಲೆ ಗಾಳಿಯಾಡಲು ವೆಂಟ್ ಪೈಪ್ ಇರುತ್ತದೆ. ಅದರ ಕತೆ ಡೈಕಿನದಕ್ಕಿಂತ ಚಿಕ್ಕದು, ಆದರೆ ನಂಬುವುದು ಕಷ್ಟ. ಮೇ ತಿಂಗಳ ಮಧ್ಯಾಹ್ನ ಖಾಲಿ ಟ್ಯಾಂಕಿನ ಒಳಗಿನ ಗಾಳಿ 50 ಡಿಗ್ರಿಗೆ ಕಾದಿದೆ. ತಟ್ಟನೆ ಮಳೆ ಬಂದು 25 ಡಿಗ್ರಿಗೆ ಇಳಿಯಿತು. 50 ಡಿಗ್ರಿ ಎಂದರೆ 323 ಕೆಲ್ವಿನ್, ಅದರಲ್ಲಿ 25 ಕಳೆದರೆ ಗಾಳಿ ಸುಮಾರು ಶೇ 8 ಕುಗ್ಗಿತು. ವೆಂಟ್ ತೆರೆದಿದ್ದರೆ 50 ಘನಮೀಟರ್ ಟ್ಯಾಂಕ್ 4 ಘನಮೀಟರ್ ಗಾಳಿಯನ್ನು ಒಳಗೆಳೆದುಕೊಂಡು ಸುಮ್ಮನಾಗುತ್ತದೆ. ಕಣಜ ಗೂಡು ಕಟ್ಟಿದ್ದರೆ, ಅಥವಾ ಬಣ್ಣ ಬಳಿಯುವವರು ಪ್ಲಾಸ್ಟಿಕ್ ಚೀಲ ಕಟ್ಟಿ ಮರೆತಿದ್ದರೆ, ಒಳಗೆ ಸುಮಾರು 800 ಮಿಲಿಮೀಟರ್ ನೀರಿನ ಎತ್ತರದಷ್ಟು ನಿರ್ವಾತ ಹುಟ್ಟುತ್ತದೆ. ಆ ತೆಳು ತಗಡಿನ ಟ್ಯಾಂಕ್ ತಡೆಯುವುದು ಕೆಲವು ಹತ್ತು ಮಿಲಿಮೀಟರ್ ಅಷ್ಟೇ. ಕುಡಿದು ಮುಗಿಸಿದ ಜ್ಯೂಸ್ ಡಬ್ಬಿಯಂತೆ ಒಳಕ್ಕೆ ಮುದುರಿಕೊಳ್ಳುತ್ತದೆ. ಹಬೆ ಬಿಟ್ಟು ತೊಳೆದ ಟ್ಯಾಂಕಾದರಂತೂ ಹಬೆಯೇ ನೀರಾಗುವುದರಿಂದ ಕುಗ್ಗುವುದು ಶೇ 8 ಅಲ್ಲ, ಹೆಚ್ಚುಕಡಿಮೆ ಪೂರ್ತಿ.

ಸ್ಟಾಯ್‌ಕಿಯೋಮೆಟ್ರಿ, ಅಂದರೆ ಯಾವ ರಾಸಾಯನಿಕಕ್ಕೆ ಯಾವುದು ಎಷ್ಟು ಬೇಕೆಂಬ ಲೆಕ್ಕದ ಪಾಠಕ್ಕೆ ಆರಿಸಿಕೊಂಡದ್ದು ಅಡಿಕೆಯ ಕೊಳೆರೋಗದ ಔಷಧಿ. ಅಡಿಕೆಗೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಮಲೆನಾಡಿನ ಮಕ್ಕಳಿಗೆ ಇದು ಬಾಯಿಪಾಠ. ಆದರೆ ಸುಣ್ಣ 1 ಕೆಜಿ ಯಾಕೆ? ಮೈಲುತುತ್ತದ ಅಣುಭಾರ ಸುಮಾರು 250, ಆದ್ದರಿಂದ 1 ಕೆಜಿಯಲ್ಲಿ 4 ಮೋಲ್. ಅದಕ್ಕೆ ಸರಿಸಮ ಬೇಕಾದ ಅರಳಿದ ಸುಣ್ಣ 4 ಮೋಲ್, ಅಂದರೆ 296 ಗ್ರಾಂ. ಸುಟ್ಟ ಸುಣ್ಣವಾದರೆ 225 ಗ್ರಾಮೇ ಸಾಕು. ಉಳಿದದ್ದೆಲ್ಲ ಹೆಚ್ಚುವರಿ. ಅಂಗಡಿಯ ಸುಣ್ಣದಲ್ಲಿ ಕಲ್ಲು, ಬೇಯದ ಗಟ್ಟಿ, ಗಾಳಿಗೆ ಸತ್ತು ಚಾಕ್‌ಪುಡಿಯಾದದ್ದು ಎಷ್ಟೋ ಇರುತ್ತದೆ. ಸ್ವಲ್ಪ ತಾಮ್ರ ಕರಗಿದ ಸ್ಥಿತಿಯಲ್ಲಿ ಉಳಿದರೂ ಎಳೆ ಕಾಯಿ ಸುಡುತ್ತದೆ, ಸುಣ್ಣ ಹೆಚ್ಚಾದರೆ ಅಂಥ ನಷ್ಟವೇನಿಲ್ಲ. ಒಂದು ಕಡೆ ತಪ್ಪಿದರೆ ದುಬಾರಿ, ಇನ್ನೊಂದು ಕಡೆ ತಪ್ಪಿದರೆ ಅಗ್ಗ. ಆಗ ಅಗ್ಗದ ಕಡೆಗೆ ವಾಲಿಸಿ ಇಡುವುದು. ಸೇಫ್ಟಿ ಫ್ಯಾಕ್ಟರ್ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ತುತ್ತ 50 ಲೀಟರಿನಲ್ಲಿ, ಸುಣ್ಣ ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ, ಅದಕ್ಕೆ ತುತ್ತದ ನೀರನ್ನು ತಿರುವುತ್ತಾ ಸುರಿಯಬೇಕು. ಸೋಸದಿದ್ದರೆ ನಾಝಲ್ ಕಟ್ಟಿಕೊಂಡು ಮರದ ತುದಿಯಲ್ಲಿರುವ ಕೊನೆಗಾರ ಅಲ್ಲೇ ಅದನ್ನು ಬಿಚ್ಚಲು ಕೂರಬೇಕು. ಅಪಾಯ ಇರುವುದು ಅಲ್ಲಿ. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಆಗಬೇಕು, ಕಬ್ಬಿಣದ ಡ್ರಮ್ ಆದರೆ ತಾಮ್ರ ಅದರ ಗೋಡೆಗೇ ಕೂತುಬಿಡುತ್ತದೆ. ಉಜ್ಜಿ ಹೊಳಪಿಸಿದ ಕತ್ತಿ ಅದ್ದಿ ನೋಡುವುದೂ ಇದೇ ರಸಾಯನಶಾಸ್ತ್ರ: ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಕರಗಿದೆ, ಸುಣ್ಣ ಸಾಲದು. ಮಾಡಿದ ದಿನವೇ ಹೊಡೆದು ಮುಗಿಸಬೇಕು, ಮರುದಿನಕ್ಕೆ ಕಣ ದಪ್ಪಗಾಗಿ ಕಾಯಿಗೆ ಅಂಟುವುದಿಲ್ಲ. ಬರೀ ತುತ್ತದ ನೀರು ಹೊಡೆದಿದ್ದರೆ ಮೊದಲ ಮಳೆಗೇ ತೊಳೆದುಹೋಗುತ್ತಿತ್ತು. ಕರಗದ ಪೊರೆಯಾಗಿ ಅಂಟಿಕೊಳ್ಳುವುದರಿಂದಲೇ ಆರಿದ್ರೆಯಲ್ಲೂ ನಿಲ್ಲುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಬೆನ್ನುಹತ್ತಿ ಈ ದ್ರಾವಣವನ್ನು ಅಡಿಕೆ ತೋಟಕ್ಕೆ ತಂದರು. ನಮ್ಮ ಜಿಲ್ಲೆಯ ಮಟ್ಟಿಗೆ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಕೆಮಿಕಲ್ ಡಿಸೈನ್ ಇದೇ ಇರಬೇಕು ಎಂದು ತರಗತಿಯಲ್ಲಿ ನಗೆಯಾಡುತ್ತಿದ್ದೆವು.

ಇದರಲ್ಲೂ ಒಂದು ಗಾಯದ ಜಾಗ ಇದೆ. 1 ಕೆಜಿ ಸುಟ್ಟ ಸುಣ್ಣ ಅರಳುವಾಗ ಸುಮಾರು 1,160 ಕಿಲೋಜೂಲ್ ಶಾಖ ಹೊರಬರುತ್ತದೆ. 3 ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಅದಕ್ಕೇ ಕಮ್ಮಿ ನೀರಿಗೆ ಒಂದೇ ಸಲ ಸುಣ್ಣ ಸುರಿದರೆ ಕೊತಕೊತ ಕುದ್ದು ಮುಖಕ್ಕೆ ಸಿಡಿಯುತ್ತದೆ. ಧಾರಾಳ ನೀರಿಗೆ ಸ್ವಲ್ಪಸ್ವಲ್ಪವೇ ಸುಣ್ಣ ಹಾಕಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲು 15 ನಿಮಿಷವಾದರೂ ಹರಿಯುವ ನೀರಿನಲ್ಲಿ ತೊಳೆಯಬೇಕು.

ಬಾಯ್ಲರಿಗೆ ಬರುತ್ತೇನೆ, ಆ ಪೇಪರಿನಲ್ಲಿ ಹೆಚ್ಚು ದಿನ ನಡೆದ ಪಾಠ ಅದು. ಕುಚ್ಚಲಕ್ಕಿ ಮಾಡುವ ಗಿರಣಿಯಲ್ಲಿ ನೆನೆಸಿದ ಭತ್ತಕ್ಕೆ ಹಬೆ ಕೊಡಲು ಹೊಟ್ಟು ಉರಿಸುವ ಬಾಯ್ಲರ್ ಇರುತ್ತದೆ. ಒತ್ತಡ ಚದರ ಸೆಂಟಿಮೀಟರಿಗೆ 10 ಕೆಜಿ ಎಂದರೆ ಒಳಗಿನ ನೀರು ಸುಮಾರು 183 ಡಿಗ್ರಿಯಲ್ಲಿದೆ. ಜನ ಹೆದರುವುದು ಹಬೆಗೆ. ಹೆದರಬೇಕಾದದ್ದು ಆ ನೀರಿಗೆ. ಬಾಯ್ಲರ್ ಬಾಯಿ ಬಿಟ್ಟ ಕ್ಷಣ ಒತ್ತಡ ಹೋಗಿ, 100 ಡಿಗ್ರಿಯ ಮೇಲಿದ್ದ ಶಾಖವೆಲ್ಲ ನೀರನ್ನು ಹಬೆ ಮಾಡಲು ತೊಡಗುತ್ತದೆ. 183 ಡಿಗ್ರಿಯಲ್ಲಿ ನೀರಿನ ಎಂಥಾಲ್ಪಿ, ಅಂದರೆ ಅದರಲ್ಲಿರುವ ಶಾಖ, ಕೆಜಿಗೆ ಸುಮಾರು 778 ಕಿಲೋಜೂಲ್, 100 ಡಿಗ್ರಿಯಲ್ಲಿ 419. ವ್ಯತ್ಯಾಸವನ್ನು 1 ಕೆಜಿ ನೀರು ಹಬೆಯಾಗಲು ಬೇಕಾದ 2,257ರಿಂದ ಭಾಗಿಸಿದರೆ ಶೇ 16. ಬಾಯ್ಲರಿನಲ್ಲಿ 1 ಟನ್ ನೀರಿದ್ದರೆ 160 ಕೆಜಿ ತಕ್ಷಣ ಹಬೆಯಾಗುತ್ತದೆ, 1 ಕೆಜಿಗೆ 1.67 ಘನಮೀಟರಿನಂತೆ 267 ಘನಮೀಟರ್. ನಮ್ಮ ತರಗತಿಯನ್ನು ಟೇಪು ಹಿಡಿದು ಅಳೆಸಿದ್ದರು: 10 ಮೀಟರ್, 7 ಮೀಟರ್, ಎತ್ತರ 3.8. ಸರಿಯಾಗಿ ಒಂದು ಕೋಣೆ ತುಂಬ ಹಬೆ, ಕಣ್ಣು ಮಿಟುಕಿಸುವಷ್ಟರಲ್ಲಿ. 2024ರ ಡಿಸೆಂಬರಿನಲ್ಲಿ ಭದ್ರಾವತಿಯ ಗಿರಣಿಯೊಂದರಲ್ಲಿ ಬಾಯ್ಲರ್ ಸಿಡಿದ ಸುದ್ದಿ ಓದಿದಾಗ ಆ ಟೇಪು ನೆನಪಾಗದೆ ಇರುತ್ತದೆಯೇ?

ಬಾಯ್ಲರ್ ಸಿಡಿಯುವ ದಾರಿಗಳಲ್ಲಿ ಮೊದಲನೆಯದು ನೀರಿನ ಮಟ್ಟ ಇಳಿಯುವುದು. ಬೆಂಕಿ ತಾಗುವ ತಗಡಿನ ಹಿಂದೆ ನೀರಿರುವಷ್ಟು ಹೊತ್ತು ತಗಡು ನೀರಿಗಿಂತ ಕೆಲವೇ ಹತ್ತು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ನೀರು ಇಳಿದರೆ ಕೆಂಪಗೆ ಕಾದು ಮೆತ್ತಗಾಗುತ್ತದೆ. ಆ ಹೊತ್ತಿಗೆ ಗಾಬರಿಯಲ್ಲಿ ನೀರು ತುಂಬುವ ಫೀಡ್ ಪಂಪ್ ಹಾಕಿದರೆ ಕಾದ ಕಾವಲಿಗೆ ನೀರು ಚೆಲ್ಲಿದಂತೆ. ಹಬೆ ಒಮ್ಮೆಲೇ ಏಳುತ್ತದೆ, ತಗಡು ಬಿರಿಯುತ್ತದೆ. ಮಾಡಬೇಕಾದ ಕ್ರಮ ಹೀಗೆ: ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ಕಾಣದಿದ್ದರೆ ಮೊದಲು ಹೊಟ್ಟಿನ ಫೀಡರ್, ಗಾಳಿಯ ಫ್ಯಾನ್ ನಿಲ್ಲಿಸಬೇಕು. ಹೊಟ್ಟಿನ ಬೆಂಕಿ ಗ್ಯಾಸಿನ ಹಾಗೆ ತಟ್ಟನೆ ಆರುವುದಿಲ್ಲ, ಹೊಟ್ಟು ಉರಿಯುವ ಜಾಲರಿಯ, ಅಂದರೆ ಗ್ರೇಟಿನ ಮೇಲೆ ಒದ್ದೆ ಬೂದಿಯೋ ಮಣ್ಣೋ ಹರಡಿ ಉಸಿರುಗಟ್ಟಿಸಬೇಕು. ಪೈಪು ಹಿಡಿದು ನೀರು ಹೊಡೆಯಬಾರದು. ಫೀಡ್ ಪಂಪ್ ಮುಟ್ಟಬಾರದು, ಸೇಫ್ಟಿ ವಾಲ್ವ್ ಎತ್ತಬಾರದು. ಜನರನ್ನು ಹೊರಗೆ ಕಳಿಸಿ, ತಾನಾಗಿ ತಣಿಯಲು ಬಿಟ್ಟು, ಇನ್‌ಸ್ಪೆಕ್ಟರ್ ನೋಡಿದ ಮೇಲೆಯೇ ಮತ್ತೆ ಬೆಂಕಿ.

ಗೇಜ್ ಗ್ಲಾಸ್ ಸುಳ್ಳು ಹೇಳುವುದು ಇನ್ನೊಂದು ಪಾಡು. ಕೆಳಗಿನ ದಾರಿ ಕೆಸರಿನಿಂದ ಕಟ್ಟಿದ್ದರೆ ಬಾಯ್ಲರಿನಲ್ಲಿ ನೀರು ಇಳಿದರೂ ಗ್ಲಾಸಿನಲ್ಲಿ ಇದ್ದಂತೆಯೇ ಕಾಣುತ್ತದೆ. ಅದಕ್ಕೆ ಪ್ರತಿ ಶಿಫ್ಟಿಗೆ ಪರೀಕ್ಷೆ. ಡ್ರೈನ್ ಕಾಕ್ ತೆರೆದು, ನೀರಿನ ಕಾಕ್ ಮುಚ್ಚಿದರೆ ಬರೀ ಹಬೆ ಬರಬೇಕು. ನೀರಿನದು ತೆರೆದು ಹಬೆಯದು ಮುಚ್ಚಿದರೆ ಬರೀ ನೀರು ಬರಬೇಕು. ಎರಡೂ ತೆರೆದು ಡ್ರೈನ್ ಮುಚ್ಚಿದ ತಕ್ಷಣ ನೀರು ಗ್ಲಾಸಿಗೆ ಚಿಮ್ಮಿ ಏರಬೇಕು. ನಿಧಾನ ಏರಿದರೆ ದಾರಿ ಅರ್ಧ ಕಟ್ಟಿದೆ ಎಂದೇ ಲೆಕ್ಕ. ಎರಡು ಗ್ಲಾಸು ಇಟ್ಟಿರುವುದು ಒಂದು ಒಡೆದಾಗ ಇನ್ನೊಂದಿರಲಿ ಎಂದಷ್ಟೇ ಅಲ್ಲ, ಎರಡೂ ಬೇರೆಬೇರೆ ಮಟ್ಟ ತೋರಿಸಿದರೆ ಅನುಮಾನ ಬರಲಿ ಎಂದು.

ಮತ್ತೆ, ಇಲ್ಲಿ ಮಳೆ ಎಲ್ಲಿ? ಹೊಟ್ಟಿನಲ್ಲಿ. ಆಶ್ಲೇಷ ಮಳೆಯಲ್ಲಿ ಶೆಡ್ಡಿನ ಅಂಚಿನ ಹೊಟ್ಟು ನೆನೆಯುತ್ತದೆ. ಒದ್ದೆ ಹೊಟ್ಟಿಗೆ ಒತ್ತಡ ಏರುವುದಿಲ್ಲ, ಆಪರೇಟರ್ ಫೀಡರ್ ಜೋರು ಮಾಡುತ್ತಾನೆ. ರಾಶಿಯ ಒಳಗಿನ ಒಣ ಹೊಟ್ಟು ಬಂದ ಕೂಡಲೇ ಗ್ರೇಟಿನ ಮೇಲೆ ಗುಡ್ಡೆ ಬಿದ್ದದ್ದೆಲ್ಲ ಒಟ್ಟಿಗೆ ಉರಿದು ಒತ್ತಡ ಹಾರುತ್ತದೆ, ಸೇಫ್ಟಿ ವಾಲ್ವ್ ಬಾಯಿ ಬಿಡುತ್ತದೆ. ದಿನಕ್ಕೆ ನಾಲ್ಕು ಸಲ ಹೀಗಾದರೆ ವಾಲ್ವಿನ ಸೀಟು ಸವೆದು ಸೋರುತ್ತದೆ. ಸೋರುವ ವಾಲ್ವಿನ ಸನ್ನೆಗೋಲಿಗೆ ಯಾರೋ ಒಬ್ಬರು ಕಬ್ಬಿಣದ ತುಂಡು ನೇತುಹಾಕುತ್ತಾರೆ. ಅಲ್ಲಿಗೆ ಬಾಯ್ಲರಿಗೆ ಉಸಿರಿಲ್ಲ. ಸ್ಟೀಮ್ ದಾರಿ ಮುಚ್ಚಿ ಪೂರ್ತಿ ಬೆಂಕಿ ಕೊಟ್ಟಾಗಲೂ ಒತ್ತಡ ಮಿತಿಗಿಂತ ಶೇ 10ಕ್ಕೆ ಮೇಲೆ ಹೋಗಬಾರದು ಎಂಬುದು ವಾಲ್ವಿನ ಅಕ್ಯುಮುಲೇಶನ್ ಪರೀಕ್ಷೆ. ನೇತುಹಾಕಿದ ತುಂಡಿಗೆ ಯಾವ ಪರೀಕ್ಷೆಯೂ ಗೊತ್ತಿಲ್ಲ. ಮೂಲದ ಮದ್ದು ಹೊಟ್ಟಿನ ಶೆಡ್ಡಿನ ಮಾಡನ್ನು ಒಂದು ಮೀಟರ್ ಮುಂದೆ ಚಾಚುವುದು.

ನೀರಿನ ಗುಣವೂ ಊರಿನದ್ದೇ. ತುಂಗೆಯ ನೀರು ಮೆದು, ತಗಡಿನ ಮೇಲೆ ಗಟ್ಟಿ ಪದರವಾಗಿ ಗಸಿ ಕಟ್ಟುವುದಿಲ್ಲವೆಂದು ನೆಮ್ಮದಿ. ಆದರೆ 30 ಡಿಗ್ರಿಯ ನೀರಿನಲ್ಲಿ ಲೀಟರಿಗೆ 7.5 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ, ಅದು ತಗಡಿನಲ್ಲಿ ಸೂಜಿ ಕುಳಿ ತೋಡುತ್ತದೆ. ಫೀಡ್ ಟ್ಯಾಂಕನ್ನು 85 ಡಿಗ್ರಿಗೆ ಕಾಯಿಸಿದರೆ ಹೆಚ್ಚಿನದು ಹೊರಟುಹೋಗುತ್ತದೆ, ಉಳಿದ ಪ್ರತಿ 1 ಭಾಗ ಆಮ್ಲಜನಕಕ್ಕೆ 8 ಭಾಗ ಸೋಡಿಯಂ ಸಲ್ಫೈಟ್. ಬೇಸಗೆಯಲ್ಲಿ ಬೋರ್‌ವೆಲ್ ನೀರಿಗೆ ಬದಲಾಯಿಸಿದರೆ ಲೆಕ್ಕ ತಿರುಗಾಮುರುಗಾ: ಗಸಿ. ಗಸಿಯ ಉಷ್ಣವಾಹಕತೆ 1ರಿಂದ 2, ಉಕ್ಕಿನದು 45. ಒಂದು ಮಿಲಿಮೀಟರ್ ಗಸಿ ಎಂದರೆ ಇಪ್ಪತ್ತರಿಂದ ನಲವತ್ತೈದು ಮಿಲಿಮೀಟರ್ ಉಕ್ಕನ್ನು ನಡುವೆ ಇಟ್ಟಂತೆ.

ಫೌಂಡ್ರಿಯಲ್ಲಿ ಮಳೆ ಇರುವುದು ಗುಜರಿಯಲ್ಲಿ. ಅಂಗಳದಲ್ಲಿ ನೆನೆದ ಗುಜರಿಯನ್ನು ಕರಗಿದ ಕಬ್ಬಿಣದ ಫರ್ನೇಸಿಗೆ ಹಾಕಿದರೆ, 1 ಲೀಟರ್ ನೀರು 1,500 ಡಿಗ್ರಿಯಲ್ಲಿ ಸುಮಾರು 8,000 ಲೀಟರ್ ಹಬೆಯಾಗಿ ಲೋಹವನ್ನು ಮಾಡಿಗೆ ಎರಚುತ್ತದೆ. ಹೊರಗಿನ ತೇವ ಕಾಣುತ್ತದೆ, ಕಾಯಿಸಿ ಒಣಗಿಸಬಹುದು. ಕಾಣದೆ ಕೊಲ್ಲುವುದು ಎರಡೂ ಬಾಯಿ ಬಡಿದು ಮುಚ್ಚಿದ ಪೈಪು, ಶಾಕ್ ಅಬ್ಸಾರ್ಬರ್, ಡಬ್ಬಿ. ಅವನ್ನು ಕತ್ತರಿಸದೆ ಹಾಕಲೇಬಾರದು. ಗುಜರಿಯ ಮೇಲೆ ಮಾಡು, ಪ್ರೀಹೀಟರ್, ಮೊದಲು ಒಣ ಗುಜರಿಯ ಹಾಸು ಈ ಮೂರಕ್ಕೆ ಆಗುವ ಖರ್ಚು ಫರ್ನೇಸಿನ ಒಳಪದರದ ಒಂದು ಲೈನಿಂಗ್ ಹಾಳಾದದ್ದಕ್ಕಿಂತ ಕಮ್ಮಿ.

ನೀರನ್ನು ಕಚ್ಚಾವಸ್ತುಗಳ ಪಟ್ಟಿಯಲ್ಲಿ ಬರೆಯದವನಿಗೆ ಅಂಕವಿಲ್ಲ ಎಂಬ ನಿಯಮ ಇತ್ತು. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಇ610 ಟ್ಯಾಂಕಿನಲ್ಲಿದ್ದ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಎಂಬ ವಿಷದ್ರವಕ್ಕೆ ಸೇರಿದ್ದು ನೀರು. ತಂಪು ಮಾಡುವ ವ್ಯವಸ್ಥೆ ನಿಲ್ಲಿಸಿದ್ದರು, ಅನಿಲವನ್ನು ಸುಟ್ಟುಹಾಕುವ ಫ್ಲೇರಿಗೆ ಹೋಗುವ ಪೈಪಿನ ತುಂಡು ಬಿಚ್ಚಿಟ್ಟಿತ್ತು. ಇಂಗ್ಲೆಂಡಿನ ಫ್ಲಿಕ್ಸ್‌ಬರೋದ ರಾಸಾಯನಿಕ ಕಾರ್ಖಾನೆ 1974ರ ಜೂನ್ 1ರಂದು ಸಿಡಿದು 28 ಜನ ಸತ್ತದ್ದಕ್ಕೆ ತಾತ್ಕಾಲಿಕ ಬೈಪಾಸ್ ಪೈಪು ಕಾರಣ ಎಂದು ಎಲ್ಲರೂ ಬರೆಯುತ್ತಾರೆ. ನಿಜ, 20 ಇಂಚಿನ ಆ ಪೈಪಿನ ಡ್ರಾಯಿಂಗ್ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇತ್ತು ಅಷ್ಟೆ. ಆದರೆ ಐದನೇ ರಿಯಾಕ್ಟರನ್ನು ಕಳಚಿ ಬೈಪಾಸ್ ಹಾಕುವ ಪ್ರಸಂಗ ಬಂದದ್ದು ಅದು ಬಿರುಕು ಬಿಟ್ಟದ್ದರಿಂದ, ಬಿರುಕು ಬಿಟ್ಟದ್ದು ಸಣ್ಣ ಸೋರಿಕೆಯ ಮೇಲೆ ಸುರಿಯುತ್ತಿದ್ದ ನೈಟ್ರೇಟ್ ಇದ್ದ ತಂಪು ನೀರಿನಿಂದ. ಒಳ್ಳೆಯದಾಗಲೆಂದು ಬಿಟ್ಟ ನೀರು. ಅಕ್ಕಿ ಗೋದಾಮಿನಲ್ಲಿ ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯದ್ದೂ ಇದೇ ಜಾತಿ: 3 ಗ್ರಾಮಿನ ಮಾತ್ರೆ ಗಾಳಿಯ ತೇವಕ್ಕೆ ನಿಧಾನವಾಗಿ 1 ಗ್ರಾಂ ಫಾಸ್ಫೀನ್ ಬಿಡುತ್ತದೆ. ಹೆಂಚು ಸೋರಿ ಹನಿ ನೇರ ಬಿದ್ದರೆ ನಿಧಾನ ಎಂಬುದು ಇಲ್ಲ, ಹೊತ್ತಿಕೊಳ್ಳುತ್ತದೆ.

ಗುಂಡಿ, ಬಾವಿ, ತೊಟ್ಟಿಗೆ ಇಳಿಯುವ ಪಾಠದಲ್ಲಿ ನೆನಪಿಟ್ಟುಕೊಳ್ಳಬೇಕಾದ ಅಂಕೆ ಕೆಲವೇ. ಆಮ್ಲಜನಕ ಶೇ 19.5ಕ್ಕೆ ಕಮ್ಮಿ ಇರಬಾರದು. ಉರಿಯುವ ಅನಿಲ ಅದರ ಸ್ಫೋಟದ ಕೆಳಮಿತಿಯ ಶೇ 10 ಮೀರಬಾರದು. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಎನ್ನುತ್ತಾರೆ, ಆದರೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ) ದಾಟಿದರೆ ಮೂಗು ಸತ್ತು ವಾಸನೆಯೇ ಬರುವುದಿಲ್ಲ. ವಾಸನೆ ಹೋಯಿತೆಂದು ಇಳಿದವನು ಏಳುವುದಿಲ್ಲ. ಬಾವಿಗೆ ದೀಪ ಇಳಿಸಿ ನೋಡುವ ಹಳ್ಳಿಯ ಪರೀಕ್ಷೆ ಆಮ್ಲಜನಕ ತೀರಾ ಇಳಿದಾಗ ಮಾತ್ರ ಎಚ್ಚರಿಸುತ್ತದೆ, ವಿಷವನ್ನು ತೋರಿಸುವುದಿಲ್ಲ, ಗೋಬರ್ ಗ್ಯಾಸ್ ಗುಂಡಿಗಂತೂ ದೀಪವೇ ಬೆಂಕಿ. ಮೀಟರನ್ನು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಇಳಿಸಬೇಕು, ಮೀಥೇನ್ ಮೇಲೆ ಸೇರುತ್ತದೆ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಡೈಆಕ್ಸೈಡ್ ತಳದಲ್ಲಿ. ಮಳೆಗಾಲದ ಮುಂಚೆ ಪಲ್ಪಿಂಗ್ ತೊಟ್ಟಿಯ ಕೆಸರು ಎತ್ತುವಾಗ ಮೇಲಿನ ಅಳತೆ ಸರಿಯಿದ್ದು, ಸನಿಕೆ ಹಾಕಿ ಕಲಕಿದ ಕೂಡಲೇ ಒಳಗೆ ಹಿಡಿದಿದ್ದ ಅನಿಲ ಏಳುತ್ತದೆ. ಆದ್ದರಿಂದ ಅಳತೆ ಒಮ್ಮೆ ಅಲ್ಲ, ಕೆಲಸ ಮುಗಿಯುವ ತನಕ. ಒಳಗೆ ಒಯ್ಯುವ ದೀಪ 24 ವೋಲ್ಟ್ ಮೀರಬಾರದು ಎಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ಎ ಕಲಮು ಹೇಳುತ್ತಿತ್ತು. ಮೇಲೆ ನಿಂತವನ ಕೆಲಸ ಹಗ್ಗ ಹಿಡಿದು ನಿಲ್ಲುವುದು; ಕೆಳಗಿನವನು ಬಿದ್ದರೆ ಹಗ್ಗ ಎಳೆಯಬೇಕು, ತಾನು ಇಳಿಯಬಾರದು.

ಕಟ್ಟಡದ ಭಾಗಕ್ಕೆ ಸಿವಿಲ್ ವಿಭಾಗದಿಂದ ಒಬ್ಬರು ಬರುತ್ತಿದ್ದರು. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಬಂತು, 2016ರಲ್ಲಿ ಪರಿಷ್ಕೃತವಾಯಿತು. ಅದರ ನಾಲ್ಕನೇ ಭಾಗ ಬೆಂಕಿಯದ್ದು. ನಿರ್ಗಮನ ಬಾಗಿಲು 1 ಮೀಟರಿಗಿಂತ ಕಿರಿದಾಗಬಾರದು, 2 ಮೀಟರಿಗಿಂತ ಗಿಡ್ಡ ಇರಬಾರದು, ಹೊರಕ್ಕೆ ತೆರೆದುಕೊಳ್ಳಬೇಕು. ಮಳೆ ಎರಚಲು ಬರುತ್ತದೆಂದು ಒಳಕ್ಕೆ ತೆರೆಯುವ ಬಾಗಿಲು ಇಡುವುದು ನಮ್ಮ ಕಡೆಯ ಅಭ್ಯಾಸ. ಎರಚಲಿಗೆ ಮಾಡು ಚಾಚಿ, ಬಾಗಿಲು ತಿರುಗಿಸಬೇಡಿ ಎನ್ನುತ್ತಿದ್ದರು. ಮೆಸ್ಸಿನ ಗ್ಯಾಸ್ ಕೋಣೆಗೆ ಕಿಂಡಿ ನೆಲಮಟ್ಟದಲ್ಲೂ ಬೇಕು, ಎಲ್‌ಪಿಜಿ ನೀರಿನಂತೆ ತಗ್ಗು ಹುಡುಕುತ್ತದೆ. ಅದೇ ಕಾರಣಕ್ಕೆ ಆ ಕೋಣೆಯ ನೆಲದಲ್ಲಿ ಚರಂಡಿಯ ಬಾಯಿ ಇರಬಾರದು. ಮಳೆಗಾಲದಲ್ಲಿ ಸೋರುವ ಸಿಮೆಂಟ್ ಶೀಟಿನ ಮೇಲೆ ಹತ್ತಿ ಬೀಳುವವರ ಬಗ್ಗೆ ಒಂದೇ ಮಾತು: ಕಾಲು ಶೀಟಿನ ಮೇಲಲ್ಲ, ಶೀಟು ಹೊರುವ ಎರಡು ಅಡ್ಡಪಟ್ಟಿಗಳ (ಪರ್ಲಿನ್) ಮೇಲೆ ಕೂರುವ ಹಲಗೆಯ ಮೇಲೆ.

ಅರ್ಥಿಂಗ್ ವಿಷಯದಲ್ಲಿ ಮಳೆ ತಿರುಗಾಮುರುಗಾ ಆಟ ಆಡುತ್ತದೆ. ಆಗಸ್ಟಿನಲ್ಲಿ ಅಳೆದರೆ ಜಂಬಿಟ್ಟಿಗೆ ನೆಲವೂ ಚಿನ್ನದಂಥ ರೀಡಿಂಗ್ ಕೊಡುತ್ತದೆ. ಅಳೆಯಬೇಕಾದದ್ದು ಏಪ್ರಿಲ್‌ನಲ್ಲಿ, ನೆಲ ಒಣಗಿ ಸಿಡಿಲಿನ ಕಾಲ ಶುರುವಾಗುವ ಹೊತ್ತಿಗೆ. ಸರ್ಟಿಫಿಕೇಟಿನ ಮೇಲಿನ ತಾರೀಖು ನೋಡದೆ ಸಹಿ ಹಾಕಬೇಡಿ.

ಕಾಂಕ್ರೀಟಿಗೆ ಐಎಸ್ 456. ಜೋರು ಮಳೆಗೆ ಒಡ್ಡಿದ, ನೆನೆದು ಒಣಗಿ ಮತ್ತೆ ನೆನೆಯುವ ಕಾಂಕ್ರೀಟನ್ನು ಅದು ತೀವ್ರ ಎಂಬ ವರ್ಗಕ್ಕೆ ಸೇರಿಸುತ್ತದೆ, ಸಮುದ್ರ ತೀರದ್ದರ ಜೊತೆಗೆ. ಬಲದ ದರ್ಜೆಯಲ್ಲಿ ಎಂ30 ಗ್ರೇಡ್, ಘನಮೀಟರಿಗೆ ಕನಿಷ್ಠ 320 ಕೆಜಿ ಸಿಮೆಂಟ್, ನೀರು-ಸಿಮೆಂಟ್ ಅನುಪಾತ 0.45, ಸರಳಿನ ಮೇಲೆ 45 ಮಿಲಿಮೀಟರ್ ಕವರ್. ಮಲೆನಾಡಿನಲ್ಲಿ ಎಂ20, 20 ಮಿಲಿಮೀಟರಿನಲ್ಲಿ ಮುಗಿಸಿದ ಟ್ಯಾಂಕ್ ಸ್ಟ್ಯಾಂಡುಗಳು ಹತ್ತು ವರ್ಷಕ್ಕೇ ಸರಳು ತೋರಿಸುವುದು ಯಾಕೆಂದು ಕೇಳಬೇಕಿಲ್ಲ. 0.45 ಎಂದರೆ 50 ಕೆಜಿ ಚೀಲಕ್ಕೆ 22.5 ಲೀಟರ್. ಆದರೆ ಒಂದು ಚೀಲಕ್ಕೆ ಬೀಳುವ ಸುಮಾರು 80 ಕೆಜಿ ಮರಳಿನಲ್ಲಿ ಶೇ 5 ತೇವ ಇದ್ದರೆ 4 ಲೀಟರ್ ನೀರು ಆಗಲೇ ಬಂದಿದೆ. ಕಳೆಯದಿದ್ದರೆ ಅನುಪಾತ 0.53. ಮೇಲಾಗಿ ಅದೇ ತೇವಕ್ಕೆ ಮರಳು ಶೇ 20–30 ಉಬ್ಬಿ, ಪೆಟ್ಟಿಗೆಯಲ್ಲಿ ಅಳೆದರೆ ಮರಳೇ ಕಮ್ಮಿ ಬೀಳುತ್ತದೆ. ಮರಳು ಮಾಡಿನ ಕೆಳಗಿರಲಿ, ಬೆಳಿಗ್ಗೆ ಒಂದು ಹಿಡಿಯನ್ನು ತೂಗಿ, ಬಾಣಲೆಯಲ್ಲಿ ಹುರಿದು, ಮತ್ತೆ ತೂಗಿ ನೋಡಿದರೆ ತೇವ ತಿಳಿಯುತ್ತದೆ, ಹತ್ತು ನಿಮಿಷದ ಕೆಲಸ.

ತಾರಸಿ ಹಾಕುತ್ತಿರುವಾಗಲೇ ಮಳೆ ಬಂದರೆ? ಪುಸ್ತಕದಲ್ಲಿ ಇಲ್ಲದ, ಆದರೆ ಪ್ರತಿ ವರ್ಷ ಪರೀಕ್ಷೆಗೆ ಬರುತ್ತಿದ್ದ ಪ್ರಶ್ನೆ. ಹಾಕಿದಷ್ಟನ್ನು ವೈಬ್ರೇಟರಿನಲ್ಲಿ ಕೂರಿಸಿ, ಕೈಗೆ ಸಿಕ್ಕಲ್ಲಿ ನಿಲ್ಲಿಸದೆ ಸ್ಲ್ಯಾಬಿನ ನಡುಭಾಗದಲ್ಲಿ ಹಲಗೆ ಕಟ್ಟಿ ನೆಟ್ಟಗೆ ಜಾಯಿಂಟ್ ಬಿಡಬೇಕು, ತೊಲೆಯ ಹತ್ತಿರ ಬಿಡಬಾರದು. ಟಾರ್ಪಾಲು ಮುಚ್ಚಬೇಕು, ನಡುವೆ ಬಿದಿರು ಕೊಟ್ಟು, ಇಲ್ಲದಿದ್ದರೆ ನೀರು ಹೊಂಡವಾಗಿ ಮಧ್ಯಕ್ಕೇ ಒಡೆಯುತ್ತದೆ. ಮಳೆ ನಿಂತ ಮೇಲೆ ಮೇಲ್ಮೈಗೆ ಒಣ ಸಿಮೆಂಟು ಉದುರಿಸುವುದು ಬೇಡ, ಅದು ಚಕ್ಕೆ ಏಳುತ್ತದೆ. ತೊಳೆದುಹೋದ ಪದರ ಕೆರೆದು ತೆಗೆಯಬೇಕು, ಮರುದಿನ ಜಾಯಿಂಟನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸಿಮೆಂಟು ಹಾಲು ಬಳಿದು, ಅದು ಒಣಗುವ ಮೊದಲೇ ಹೊಸ ಕಾಂಕ್ರೀಟು. ಈ ಉತ್ತರಕ್ಕೆ ಹತ್ತು ಅಂಕ ಇತ್ತು. ಟಾರ್ಪಾಲಿನ ಅಳತೆ ಬರೆಯದಿದ್ದವರಿಗೆ ಒಂಬತ್ತು.